ಹುಣಸೆಹಣ್ಣಲ್ಲಿ ತಿಕ್ಕಿದ ತಂತಿ

"ಇದನ್ನ ಲೋಹಿತ ಒರೆಸಿಲ್ಲ ಮೇಡಂ. ಯಾವ ದೇವರ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ," ಎಂದ ಚಂದ್ರಣ್ಣ.

ಚಳ್ಳಕೆರೆ ಠಾಣೆಯ ಮೇಜಿನ ಮೇಲೆ ಗಿಟಾರ್ ಅಂಗಾತ ಬಿದ್ದಿತ್ತು. ಆರ್ಕೆಸ್ಟ್ರಾ ಮಾಲೀಕ ಚಂದ್ರಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮೇಲೆ ಬಗ್ಗಿದ್ದ. ಮುಟ್ಟಿದರೆ ಎಲ್ಲಿ ತನ್ನ ತಲೆಗೇ ಸುತ್ತಿಕೊಳ್ಳುತ್ತದೋ ಎಂಬ ಭಯ ಅವನಿಗೆ.

ಭಯ ಇರಬೇಕಾದದ್ದೇ. ಮೊಳಕಾಲ್ಮೂರಿನ ಆರತಕ್ಷತೆಯಲ್ಲಿ ನುಡಿಸಿದ ಹುಡುಗ ಲೋಹಿತ ಅಂದಿನಿಂದ ನಾಪತ್ತೆ. ಎರಡು ದಿನ ಬಿಟ್ಟು ಅವನ ಗಿಟಾರ್ ಮಾತ್ರ ಬಸ್ಸಿನ ಟಾಪಿನ ಮೇಲೆ ಒಂಟಿಯಾಗಿ ಚಳ್ಳಕೆರೆಗೆ ಬಂದಿಳಿದಿತ್ತು. ಅವನಿಗೂ ಚಂದ್ರಣ್ಣನಿಗೂ ಕಾರ್ಯಕ್ರಮದ ಮುಂಚೆ ಹಾಡುಗಳ ವಿಚಾರಕ್ಕೆ ನಾಲ್ಕು ಜನರೆದುರೇ ಮಾತಿಗೆ ಮಾತು ಬೆಳೆದಿತ್ತು.

"ಹುಡುಗ ಊರಿಗೆ ಬಂದಿದಾನೆ, ಇಲ್ಲಿಂದ ಎಲ್ಲಿಗೋ ಹಾರಿದಾನೆ. ವಯಸ್ಸಿನ ಹುಡುಗರ ಹಣೆಬರಹವೇ ಇಷ್ಟು, ಫೈಲ್ ಮುಗಿಸಿಬಿಡಿ," ಎಂದು ಮೇಲಿನವರು ಬೆಳಗ್ಗೆಯೇ ಫೋನಿನಲ್ಲಿ ಹೇಳಿಯಾಗಿತ್ತು. ಸಬ್ ಇನ್‌ಸ್ಪೆಕ್ಟರ್ ವನಜಾಕ್ಷಿಗೆ ಆ ಮಾತು ಗಂಟಲಲ್ಲಿ ಇಳಿದಿರಲಿಲ್ಲ. ಬೇಡ ಎಂದ ಕೆಲಸವನ್ನೇ ಮೊದಲು ಮಾಡುವುದು ಚಿಕ್ಕಂದಿನಿಂದ ಬಂದ ಬುದ್ಧಿ. ಇಲಾಖೆಗೆ ಸೇರಿದ ಮೇಲೂ ಹೋಗಿರಲಿಲ್ಲ.

"ಒರೆಸಿಲ್ಲ ಅಂತ ಹೆಂಗೆ ಹೇಳ್ತೀರಿ?"

"ನೋಡ್ರಿ ಮೇಡಂ. ಈ ಸಣ್ಣ ತಂತಿ ಎರಡೂ ಬರೀ ಉಕ್ಕು. ತುಕ್ಕು ಹಿಡಿದು ಕೆಂಪಗಾಗವೆ. ಈ ದಪ್ಪ ತಂತಿ ಒಳಗೆ ಉಕ್ಕು, ಮೇಲೆ ಕಂಚಿನ ಸುತ್ತು. ಇವು ನೋಡಿದ್ರೆ ಪಳಪಳ ಅಂತಾವೆ. ಒಂದೇ ದಿನ ಹಾಕಿದ ತಂತಿ, ಅರ್ಧ ಮುದುಕ ಆಗಿ ಅರ್ಧ ಮದುಮಗ ಆದ್ರೆ ಏನರ್ಥ?"

ಕಿಟಕಿಯ ಬಳಿ ನಿಂತಿದ್ದ ಸ್ವಪ್ನ ಬಾಯಿ ತೆರೆದಳು. ಆರ್ಕೆಸ್ಟ್ರಾದ ಹಾಡುಗಾರ್ತಿ, ಲೋಹಿತನ ಅಕ್ಕ. ಅವ್ವ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಕಾಣೆಯಾದ ದಿನದಿಂದ ಠಾಣೆಯ ಬೆಂಚು ಬಿಟ್ಟು ಕದಲಿರಲಿಲ್ಲ, ಕಣ್ಣಂಚು ಊದಿಕೊಂಡಿತ್ತು. ವನಜಾಕ್ಷಿಗೆ ಅವಳನ್ನು ಕಂಡಾಗೆಲ್ಲ ಕರುಳು ಚುರ್ ಎನ್ನುತ್ತಿತ್ತು.

"ಪ್ರೋಗ್ರಾಮ್ ಮುಗಿತಿದ್ದಂಗೆ ಅವನ ಮೊದಲ ಕೆಲಸ ಅದೇ ಮೇಡಂ. ಹಳೆ ಬನಿಯನ್ ಬಟ್ಟೆಗೆ ಹೊಲಿಗೆ ಮಿಷನ್ ಎಣ್ಣೆ ಒಂದ್ಹನಿ ಹಾಕಿ, ಒಂದೊಂದೇ ತಂತಿ ಮೇಲೂ ಕೆಳಗೂ ಒರೆಸ್ತಿದ್ದ. ಅವನ ಕೈ ಬೆವರು ಜಾಸ್ತಿ. ಒರೆಸದಿದ್ರೆ ಬೆರಳಿಟ್ಟ ಕಡೆಯೆಲ್ಲ ಕಪ್ಪಗಾಗ್ತಿತ್ತು. ಊಟ ಬಿಟ್ರೂ ಅದನ್ನ ಬಿಡ್ತಿರ್ಲಿಲ್ಲ."

ವನಜಾಕ್ಷಿ ತುರುಬಿನಿಂದ ಪಿನ್ನು ತೆಗೆದಳು. ದಪ್ಪ ತಂತಿಯ ಸುತ್ತಿನ ಸಂದಿಯಲ್ಲಿ ಅದರ ತುದಿ ಆಡಿಸಿದಾಗ ಕಂದು ಬಣ್ಣದ ಒಂದು ನಾರಿನ ಎಳೆ ಮೇಲೆ ಬಂತು. ಮೂಸಿದಳು. ಆಮೇಲೆ ನಾಲಿಗೆಯ ತುದಿಗೆ ತಾಗಿಸಿದಳು.

ಜೀಪಿನ ಡ್ರೈವರ್ ದಾಸಣ್ಣ ಮುಖ ಕಿವುಚಿದ. ಸಾಕ್ಷ್ಯವನ್ನು ನೆಕ್ಕುವ ಅಧಿಕಾರಿಯನ್ನು ಅವನು ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

"ಹುಣಸೆಹಣ್ಣು," ಎಂದಳು ವನಜಾಕ್ಷಿ.

"ಗಿಟಾರಿಗಾ?" ಚಂದ್ರಣ್ಣ ಹಣೆ ಚಚ್ಚಿಕೊಂಡ. "ಯಾವ ಮೂರ್ಖ ಮೇಡಂ ಅವನು! ಉಕ್ಕಿಗೆ ಹುಳಿ ತಗುಲಿದ್ರೆ ತುಕ್ಕು ಹಿಡೀದೆ ಬಿಡ್ತದಾ?"

"ಮೂರ್ಖ ಅಲ್ಲ. ದಿನಾ ದೇವರ ಮನೆ ದೀಪ, ತಾಮ್ರದ ಚೊಂಬು ಬೆಳಗೋ ಕೈ ಇದು. ತಂತಿ ಹಿತ್ತಾಳೆ ಥರ ಕಂಡಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಬೆಳಗಿದ ಮೇಲೆ ಸಣ್ಣ ತಂತಿಗೂ ಅದೇ ಮರ್ಯಾದೆ ಮಾಡಿದೆ." ಅವಳು ಪಿನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿದಳು. "ಪ್ರಶ್ನೆ ಅದಲ್ಲ. ಬೆಳಗೋ ಹಂಗೆ ಕಪ್ಪಾಗಿದ್ದು ಯಾಕೆ?"

ಗಿಟಾರಿನ ತಲೆಯ ಕಡೆ ಬೆರಳು ತೋರಿಸಿದಳು. ಬಿರಡೆಗೆ ತಂತಿ ಸುತ್ತಿಕೊಂಡ ಜಾಗದಲ್ಲಿ ಹುಣಸೆಹಣ್ಣಿನ ಕೈ ಹೋಗಿರಲಿಲ್ಲ. ಅಲ್ಲಿ ತಂತಿ ಮಸಿಯಂತೆ ಕಪ್ಪಾಗಿ, ನೋಡುವ ಕೋನ ಬದಲಿಸಿದರೆ ನೀಲಿ ಹೊಡೆಯುತ್ತಿತ್ತು.

"ಬೆವರಿಗೆ ಹಂಗಾಗಿರ್ಬೋದು," ಎಂದ ಚಂದ್ರಣ್ಣ.

"ನುಡಿಸೋವಾಗ ಅಲ್ಲಿ ಯಾರಾದ್ರೂ ಬೆರಳಿಡ್ತಾರಾ?"

"ಇಲ್ಲ."

"ಬೆವರಿನ ಕಪ್ಪು ಬೆರಳಿಟ್ಟ ಕಡೆ ಇರ್ತದೆ. ಇದು ಬೆರಳು ಹೋಗದ ಕಡೆನೂ ಐತೆ. ಗಾಳಿ ಹೋಗಿದ್ದ ಕಡೆಯೆಲ್ಲ ಹೋಗೈತೆ."

ಅವಳು ಗಿಟಾರನ್ನು ಎತ್ತಿ, ನಡುವಿನ ದುಂಡು ಬಾಯಿಗೆ ಮೂಗಿಟ್ಟು ಉಸಿರೆಳೆದಳು. ಒಡನೆಯೇ ಕೆಮ್ಮು ಬಂತು. ಮುಚ್ಚಿದ ಕೋಣೆಯಲ್ಲಿ ಒಂದು ಪೊಟ್ಟಣ ಬೆಂಕಿಕಡ್ಡಿ ಒಟ್ಟಿಗೆ ಗೀರಿದಂಥ ವಾಸನೆ ಮರದ ಹೊಟ್ಟೆಯೊಳಗೆ ಇನ್ನೂ ಕೂತಿತ್ತು.

"ಗಂಧಕ," ಎಂದಳು. ಆ ಹೊಗೆಯಲ್ಲಿ ಮನುಷ್ಯ ಎಷ್ಟು ಹೊತ್ತು ಬದುಕಬಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ಲೆಕ್ಕ ಅವಳು ಯಾರಿಗೂ ಹೇಳಲಿಲ್ಲ.

ಚಂದ್ರಣ್ಣನಿಗೆ ಊರು ಬಿಡಬಾರದೆಂದು ತಾಕೀತು ಮಾಡಿ ಜೀಪು ಹತ್ತಿದಾಗ ಸ್ವಪ್ನ ಓಡಿಬಂದು ಬಾಗಿಲು ಹಿಡಿದುಕೊಂಡಳು.

"ನಾನೂ ಬರ್ತೀನಿ ಮೇಡಂ. ಇಲ್ಲಿ ಕೂತ್ರೆ ಹುಚ್ಚು ಹಿಡಿತೈತೆ. ಕಾಲು ಹಿಡ್ಕೊಂಡು ಬೇಡ್ಕೊಂತೀನಿ."

ಕಾಯಿದೆ ಪ್ರಕಾರ ಬೇಡ ಅನ್ನಬೇಕಿತ್ತು. ವನಜಾಕ್ಷಿ ಅನ್ನಲಿಲ್ಲ. ಅಕ್ಕನಾದವಳ ಕಣ್ಣೀರಿನ ಮುಂದೆ ಕಾಯಿದೆ ಎಲ್ಲಿ ನಿಲ್ಲುತ್ತದೆ.

ತಳುಕು ದಾಟಿದ ಮೇಲೆ ಬಿಸಿಗಾಳಿ ಜೀಪಿನ ತಾಡಪಾಲನ್ನು ಪಟಪಟ ಬಡಿಯತೊಡಗಿತು. ಶೇಂಗಾ ಕಿತ್ತ ಹೊಲಗಳು ಬೋಳಾಗಿ ಬಿದ್ದಿದ್ದವು. ದೂರದಲ್ಲಿ ಮೊಳಕಾಲ್ಮೂರಿನ ಬಂಡೆಗುಡ್ಡಗಳು ಬಿಸಿಲಿಗೆ ನಡುಗುತ್ತಿದ್ದವು.

"ಗಂಧಕ ಯಾಕೆ ಸುಡ್ತಾರೆ ಮೇಡಂ?" ಸ್ವಪ್ನ ಮೆಲ್ಲಗೆ ಕೇಳಿದಳು.

"ರೇಷ್ಮೆ ಬಿಳುಪು ಮಾಡಾಕೆ. ನಮ್ಮ ಚಿಕ್ಕಮ್ಮನ ಮನೆ ಮೊಳಕಾಲ್ಮೂರಲ್ಲೇ, ಸಣ್ಣವಳಿದ್ದಾಗ ನೋಡಿದೀನಿ. ಒದ್ದೆ ರೇಷ್ಮೆ ನೂಲಿನ ಲಡಿ ಕೋಣೆ ತುಂಬ ನೇತು ಹಾಕಿ, ಬಾಣಲೆಯಲ್ಲಿ ಗಂಧಕ ಹಚ್ಚಿ, ಬಾಗಿಲು ಬಿಗಿದುಬಿಡ್ತಾರೆ. ಅಂದು ನೀವೆಲ್ಲ ಇಳಿದುಕೊಂಡಿದ್ದು ಎಲ್ಲಿ?"

"ಕಾಟಪ್ಪ ಅನ್ನೋರು ನೂಲಿಗೆ ಬಣ್ಣ ಹಾಕೋ ಮನೆ ಐತಲ್ಲ, ಅದರ ಹಿಂದೆ. ಮದುವೆಯವರೇ ಕೋಣೆ ಕೊಡಿಸಿದ್ರು."

"ಹಂಗಾದ್ರೆ ನಿನ್ನ ತಮ್ಮ ಚಳ್ಳಕೆರೆಗೆ ವಾಪಸ್ ಬಂದೇ ಇಲ್ಲ ಕಣಮ್ಮ. ಗಿಟಾರ್ ಒಂದನ್ನೇ ಯಾರೋ ಬಸ್ಸು ಹತ್ತಿಸಿದಾರೆ."

ಸ್ವಪ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ಕೇಳಿದಳು, "ಅವನು ಅಲ್ಲಿ ಯಾರ ಹತ್ರನಾದ್ರೂ ಏನಾದ್ರೂ ಹೇಳಿರ್ತಾನಾ ಮೇಡಂ?"

"ಗೊತ್ತಾಗ್ತದೆ ಬಾ," ಎಂದಳು ವನಜಾಕ್ಷಿ, ಅವಳ ಭುಜ ತಟ್ಟಿ.

ಬಣ್ಣದ ಮನೆಯ ಅಂಗಳದಲ್ಲಿ ಬಿದಿರು ಗಳುಗಳ ಮೇಲೆ ಕೆಂಪು, ಹಸಿರು, ಅರಿಶಿನ ಬಣ್ಣದ ಲಡಿಗಳು ಒಣಗುತ್ತಿದ್ದವು. ಬೀದಿಯ ಉದ್ದಕ್ಕೂ ಮಗ್ಗದ ಸದ್ದು. ಪೊಲೀಸ್ ಜೀಪು ನಿಂತದ್ದೇ ತಡ, ಹತ್ತಿರದ ಮಗ್ಗಗಳು ಒಂದೊಂದಾಗಿ ನಿಂತವು.

ಕಾಟಪ್ಪ ಮೊಣಕೈವರೆಗೆ ಕೆಂಪು ಬಣ್ಣ ಹತ್ತಿದ ಕೈಗಳನ್ನೇ ಜೋಡಿಸಿದ. "ರಾಂಡಮ್ಮಾ, ಬನ್ನಿ. ಏನು ಈ ಕಡೆ ಬಂದ್ರಿ?"

"ನಿಮ್ಮ ಗಂಧಕದ ಕೋಣೆ ನೋಡಬೇಕಿತ್ತು."

ಅವನ ಕೈಗಳು ಜೋಡಿಸಿದಂತೆಯೇ ನಿಂತವು. "ಅಲ್ಲೇನೈತಮ್ಮಾ ನೋಡಾಕೆ. ನಾತ ಅಷ್ಟೆ."

ಅಂಗಳದ ಮೂಲೆಯಲ್ಲಿ ಕಲ್ಲಿನ ಕೋಣೆ. ಕಿಟಕಿ ಇಲ್ಲ. ಮರದ ಬಾಗಿಲಿನ ಸಂದುಗಳಿಗೆಲ್ಲ ಸಗಣಿ ಮೆತ್ತಿತ್ತು. ಚಿಲಕ ಹೊರಗಿನಿಂದ. ನೆಲದ ಮಟ್ಟದಲ್ಲಿ ಒಂದು ಕಿಂಡಿ, ಅದಕ್ಕೆ ಚಪ್ಪಡಿ. ಒಳಗೆ ಇಣುಕದೆಯೇ ಆ ಕಿಂಡಿಯಿಂದ ಬಾಣಲೆ ತಳ್ಳಿ ಗಂಧಕ ಹಚ್ಚಬಹುದಿತ್ತು. ವನಜಾಕ್ಷಿ ಅದರ ಮುಂದೆ ಕೂತು ಕಿಂಡಿಯನ್ನೇ ನೋಡಿದಳು.

"ಈ ಕೋಣೆ ಕೆಲಸ ಯಾರು ಮಾಡ್ತಾರೆ?"

"ಹೊರಗಿಂದ ಹಚ್ಚೋದು ಯಾರಾದ್ರೂ ಮಾಡ್ತಾರೆ. ಒಳಗೆ ಹೋಗೋದು ಸೂರಮ್ಮ ಒಬ್ಬಳೇ. ಪಾಪ, ಗಂಡ ಇಲ್ಲ. ನಮ್ಮ ಕಡೆ ಮುತ್ತೈದೇರು ಇದರೊಳಗೆ ಕಾಲಿಡಲ್ಲಮ್ಮಾ. ಆ ಹೊಗೆ ತಾಗಿದ್ರೆ ಬೆಳ್ಳಿ ಕಾಲುಂಗುರ ಕರ್ರಗಾಗ್ತಾವೆ. ತೆಗೆದಿಟ್ಟು ಹೋಗಾಕೆ ಆಗ್ತದಾ? ಅಪಶಕುನ."

"ಸೂರಮ್ಮನ ಹತ್ರ ಮಾತಾಡ್ಬೇಕಲ್ಲ." ವನಜಾಕ್ಷಿ ಗೇಟಿನ ಕಡೆ ತಿರುಗಿ ಕೂಗಿದಳು. "ದಾಸಣ್ಣ, ಸೂರಮ್ಮ ಅನ್ನೋರ ಮನೆ ಎಲ್ಲೈತೆ ವಿಚಾರಿಸಿ ಕರ್ಕೊಂಡು ಬಾ."

ಗೇಟಿನಾಚೆ, ಅಂಗಳದವರ ಕಣ್ಣಿಗೆ ಬೀಳದ ಜೀಪಿನಿಂದ ಸ್ವಪ್ನ ಇಳಿದಳು. "ನಾನೂ ಹೋಗ್ಲಾ ಮೇಡಂ?"

"ಹೋಗಮ್ಮ. ಖಾಕಿ ಕಂಡ್ರೆ ಬಾಯಿ ಬಿಡಲ್ಲ ಇವರು. ನೀನಾದ್ರೆ ಮಾತಾಡ್ತಾರೆ."

ಅಷ್ಟರಲ್ಲಿ ಒಳಮನೆಯಿಂದ ಒಬ್ಬ ಹೆಂಗಸು ತಂಬಿಗೆಯಲ್ಲಿ ನೀರು ತಂದಳು. ಕಾಟಪ್ಪನ ಹೆಂಡತಿ ಯರ್ರಮ್ಮ. ಹಣೆ ತುಂಬ ಕುಂಕುಮ, ಕೊರಳ ತುಂಬ ಕರಿಮಣಿ. ತಂಬಿಗೆ ಬಂಗಾರದಂತೆ ಹೊಳೆಯುತ್ತಿತ್ತು. ವನಜಾಕ್ಷಿ ತಂಬಿಗೆ ಇಸಿದುಕೊಳ್ಳುವಾಗ ಕಣ್ಣು ತಾನಾಗಿ ಕೆಳಗಿಳಿಯಿತು.

ಯರ್ರಮ್ಮನ ಕಾಲುಂಗುರಗಳು ಇದ್ದಿಲಿನಂತೆ ಕಪ್ಪಾಗಿದ್ದವು.

ಯರ್ರಮ್ಮ ಆ ನೋಟ ಕಂಡಳು. ಬೆರಳು ಮಡಚಿ ಸೀರೆ ಅಂಚಿನ ಕೆಳಗೆ ಎಳೆದುಕೊಂಡಳು.

"ಎಷ್ಟು ಸಲ ತಿಕ್ಕಿದ್ರಿ ಯರ್ರಮ್ಮ?"

"ಲೋಪಲಿಕಿ ಪೋ!" ಕಾಟಪ್ಪ ತೆಲುಗಿನಲ್ಲಿ ಹೆಂಡತಿಯ ಮೇಲೆ ಗದರಿದ. ಒಳಗೆ ಹೋಗು ಎಂದದ್ದು ಅರ್ಥವಾಗದಿರಲು ವನಜಾಕ್ಷಿಯೇನು ಬೇರೆ ಸೀಮೆಯವಳಲ್ಲ. ನನ್ನಿವಾಳದಲ್ಲಿ ಹುಟ್ಟಿದವಳಿಗೆ ಎರಡೂ ಭಾಷೆ ಮನೆಮಾತೇ.

"ಪೋವದ್ದು," ಎಂದಳು ಅವಳು ಅದೇ ಭಾಷೆಯಲ್ಲಿ. ಆಮೇಲೆ ಕನ್ನಡಕ್ಕೆ ತಿರುಗಿದಳು. "ಇಲ್ಲೇ ಇರಿ ಯರ್ರಮ್ಮ. ಕಾಟಪ್ಪನೋರೇ, ನೀವೇ ಹೇಳಿದ್ರಲ್ಲ, ಮುತ್ತೈದೇರು ಇದರೊಳಗೆ ಹೋಗಲ್ಲ ಅಂತ. ಇವರ ಕಾಲುಂಗುರ ಯಾವ ಹೊಗೆ ಕುಡಿದವು?"

"ಅದು ಅಡಿಗೆ ಮನೆ ಹೊಗೆ!"

"ಅಡಿಗೆ ಮನೆ ಹೊಗೆ ಕಾಲಿಗೇ ಹತ್ತತದಾ? ಗಿಟಾರನ್ನ ಹುಣಸೆಹಣ್ಣಲ್ಲಿ ತಿಕ್ಕಿದ್ದೂ ಅಡಿಗೆ ಮನೇಲೇನಾ?"

ಕಾಟಪ್ಪ ಹೆಂಡತಿಯ ಮುಖ ನೋಡಿದ. ಅಂಗಳದ ಕೆಲಸದಾಳುಗಳು ಮೆಲ್ಲಗೆ ಗೋಡೆ ಪಕ್ಕ ಸರಿದರು.

"ಹುಡುಗನ್ನ ಯಾಕೆ ಕೊಂದ್ರಿ?" ವನಜಾಕ್ಷಿಯ ದನಿ ಏರಿತು. "ಇಪ್ಪತ್ತೆರಡು ವರ್ಷದ ಹುಡುಗ! ಆ ಅಕ್ಕಂಗೆ ಅವನು ಬಿಟ್ರೆ ಈ ಲೋಕದಲ್ಲಿ ಯಾರೂ ಇಲ್ಲ. ಹೆಣ ಎಲ್ಲಿ ಹಾಕಿದ್ರಿ?"

ಯರ್ರಮ್ಮ ಕುಸಿದು ಕೂತಳು.

"ಕೊಂದಿಲ್ಲವ್ವಾ. ನಮ್ಮಪ್ಪನಾಣೆ ಕೊಂದಿಲ್ಲ. ಲಡಿ ಸಂಜೆನೇ ನೇತು ಹಾಕಿದ್ವಿ. ಮದುವೆ ಗಲಾಟೆಲಿ ಅಂದು ಹಚ್ಚಾಕೆ ಆಗಿರ್ಲಿಲ್ಲ. ಬೆಳಗ್ಗೆ ಎದ್ದವಳೇ ಕಿಂಡಿಯಿಂದ ಬಾಣಲೆ ತಳ್ಳಿ ಹಚ್ಚಿದೆ. ಒಳಗೆ ಮನುಷ್ಯ ಅದಾನೆ ಅಂತ ನಂಗೇನು ಗೊತ್ತು? ಚಿಲಕ ಹಾಕಿದಂಗೇ ಇತ್ತು."

"ಆಮೇಲೆ?"

"ಬಾಗಿಲು ಬಡಿಯೋ ಸದ್ದು ಕೇಳ್ತು. ಸೂರಮ್ಮನ ಕರೆಯಾಕೆ ಪುರುಸೊತ್ತೆಲ್ಲಿ? ಸೆರಗು ಮೂಗಿಗೆ ಕಟ್ಕೊಂಡು ನಾನೇ ನುಗ್ಗಿದೆ. ಹೊಗೇಲಿ ಕೈಯಾಡಿಸಿ, ಕಾಲು ಸಿಕ್ತು, ಎಳ್ಕೊಂಡು ಬಂದೆ. ಪಕ್ಕದಾಗೇ ಆ ಗಿಟಾರೂ ಇತ್ತು." ಅವಳು ತನ್ನ ಕಾಲ್ಬೆರಳನ್ನು ನೋಡಿಕೊಂಡಳು. "ಇವನ್ನ ವಿಭೂತಿ ಹಚ್ಚಿ ತಿಕ್ಕಿದೆ, ಬಿಡಲೇ ಇಲ್ಲ. ತೆಗೆಯಾಕೆ ಮನಸ್ಸು ಬರಲಿಲ್ಲ."

ವನಜಾಕ್ಷಿ ಅವಳೆದುರು ಬಗ್ಗಿದಳು. "ಅಂದ್ರೆ ಅವನು…"

"ಬದುಕವ್ನೆ ತಾಯಿ. ಗಂಟಲು ಸುಟ್ಟೈತೆ, ಕಣ್ಣು ಇನ್ನೂ ಮಂಜು. ಎದ್ದು ಕೂರಾಕೆ ಆಗಲ್ಲ. ಮಜ್ಜಿಗೆ, ಗಂಜಿ ಕುಡಿಸ್ತಾ ಇದೀವಿ."

ದೇವರೇ ಎಂದುಕೊಂಡಳು ವನಜಾಕ್ಷಿ. ಪೊಲೀಸ್ ಕೆಲಸದಲ್ಲಿ ಇಂಥ ಮಾತು ಎಷ್ಟು ಸಲ ಕಿವಿಗೆ ಬೀಳುತ್ತದೆ! ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ. ಆ ಅಕ್ಕನಿಗೆ ತಕ್ಷಣ ಹೇಳಬೇಕು ಎಂದು ಗೇಟಿನ ಕಡೆ ಎರಡು ಹೆಜ್ಜೆ ಹಾಕಿದಳು.

ಯರ್ರಮ್ಮ ಅವಳ ಸೊಂಟದ ಬೆಲ್ಟನ್ನೇ ಹಿಡಿದು ಎಳೆದಳು.

"ಯಾರಿಗೂ ಕೂಗಿ ಹೇಳಬೇಡ್ರಿ! ಅದಕ್ಕೇ ನಾವು ಬಾಯಿ ಹೊಲ್ಕೊಂಡಿದ್ದು."

"ಹುಡುಗ ಚಳ್ಳಕೆರೆ ಸೇರಿದ ಅನ್ಕಳ್ಳಿ ಅಂತ ಗಿಟಾರ್ ಬಸ್ಸಿಗೆ ಹಾಕಿದವನು ನಾನೇ," ಎಂದ ಕಾಟಪ್ಪ, ತಲೆ ತಗ್ಗಿಸಿ. "ಕರ್ರಗಾಗಿದ್ದು ಕಂಡ್ರೆ ಗಂಧಕ ಅಂತ ಗೊತ್ತಾಗ್ತದೆ ಅಂತ ಇವಳ ಕೈಲಿ ತಿಕ್ಕಿಸಿದೆ. ಹುಡುಗನೇ ಕಾಲು ಹಿಡ್ಕೊಂಡ ಅಮ್ಮಾ, ಬಚ್ಚಿಡಿ ಅಂತ."

"ಯಾರಿಂದ ಬಚ್ಚಿಡಬೇಕಂತೆ? ಚಂದ್ರಣ್ಣನಿಂದಾನಾ?"

ಯರ್ರಮ್ಮ ತಲೆಯಾಡಿಸಿದಳು. "ಆ ಹೆಸರು ಹೇಳಲಿಲ್ಲ. ಮಾತು ಹೊರಡ್ತಿರಲಿಲ್ಲ, ಕಿವಿ ಬಾಯಿ ಹತ್ರ ಇಟ್ಟು ಕೇಳಿಸ್ಕೊಂಡೆ. 'ನಮ್ಮಕ್ಕ ಹುಡುಕ್ಕೊಂಡು ಬರ್ತಾಳೆ. ಬಂದ್ರೆ ಸತ್ತೋದ ಅಂತ ಹೇಳ್ರಿ' ಅಂದ."

ಒಂದು ಲಡಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು.

"ತಪ್ಪು ಕೇಳಿಸ್ಕೊಂಡಿರ್ತೀರಿ," ಎಂದಳು ವನಜಾಕ್ಷಿ. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು.

"ಒಂದು ಸಲ ಅಲ್ಲವ್ವ, ಎಚ್ಚರ ಆದಾಗೆಲ್ಲ ಅದೇ ಮಾತು. ಅಂದು ಊಟ ಆದ್ಮೇಲೆ ಅಕ್ಕ ಹಾಲು ಕೊಟ್ಳಂತೆ. ಕುಡಿದದ್ದೊಂದು ಗೊತ್ತು, ಆಮೇಲೆ ಹೊಗೇಲಿ ಕಣ್ಣು ಬಿಟ್ಟದ್ದು. ಯಾಕೆ ಅಂತ ಕೇಳಿದ್ರೆ ಹೇಳಲ್ಲ, ಅವಳ ಹೆಸರು ಎತ್ತಿದ್ರೆ ಹುಡುಗ ಗಡಗಡ ನಡುಗ್ತಾನೆ."

ವನಜಾಕ್ಷಿಗೆ ಜೀಪಿನ ದಾರಿ ಕಣ್ಣೆದುರು ಬಂತು. ತಮ್ಮ ಊರಿಗೆ ವಾಪಸ್ ಬಂದೇ ಇಲ್ಲವೆಂಬ ಮಾತಿಗೆ ಆ ಹೆಂಗಸು ಅತ್ತಿರಲಿಲ್ಲ. ಬದುಕಿದ್ದಾನಾ ಎಂದು ಒಂದು ಸಲವೂ ಕೇಳಿರಲಿಲ್ಲ. ಯಾರ ಹತ್ತಿರ ಏನು ಹೇಳಿದ ಎಂಬುದೊಂದೇ ಅವಳಿಗೆ ಬೇಕಿತ್ತು. ಕರುಳು ಚುರ್ ಎಂದದ್ದಕ್ಕೆ ತನಗೆ ತಾನೇ ಎರಡು ಬಾರಿಸಿಕೊಳ್ಳಬೇಕು ಎನ್ನಿಸಿತು.

"ಹುಡುಗ ಎಲ್ಲಿ?"

"ಹಿಂದಿನ ಓಣಿಲಿ," ಎಂದಳು ಯರ್ರಮ್ಮ. "ಸೂರಮ್ಮನ ಮನೇಲಿ."

ವನಜಾಕ್ಷಿ ಥಟ್ಟನೆ ಗೇಟಿನ ಕಡೆ ತಿರುಗಿದಳು. "ಸೂರಮ್ಮಂಗೆ ಈ ಅಕ್ಕನ ವಿಷಯ ಗೊತ್ತಾ?"

"ಇಲ್ಲ ತಾಯಿ. ಅವಳ ಬಾಯಿ ಸುಮ್ನಿರಲ್ಲ ಅಂತ ಅದನ್ನ ಹೇಳಿಲ್ಲ. ಪೊಲೀಸ್ನೋರು ಬಂದ್ರೆ ಮಾತ್ರ ಬಾಗಿಲು ತೆಗೀಬೇಡ ಅಂದಿದ್ದೆ."

ಅವಳ ಮಾತು ಮುಗಿಯುವ ಮೊದಲೇ ವನಜಾಕ್ಷಿ ಓಡತೊಡಗಿದ್ದಳು. ಬಿದಿರು ಗಳುವೊಂದು ತಗುಲಿ ಹಸಿರು ಲಡಿಗಳು ಮಣ್ಣಿಗೆ ಬಿದ್ದವು. ಓಣಿಯ ತಿರುವಿನಲ್ಲಿ ದಾಸಣ್ಣ ಬೀಡಿ ಹಚ್ಚಿಕೊಂಡು ಆರಾಮಾಗಿ ನಿಂತಿದ್ದ. ಅವಳನ್ನು ಕಂಡು ಬೀಡಿ ಬಿಸಾಡಿದ.

"ನೀವು ಹೇಳಿದ್ದು ಸರಿ ಮೇಡಂ, ಖಾಕಿ ಕಂಡು ಆ ಮುದುಕಿ ಬಾಗಿಲೇ ತೆಗೀಲಿಲ್ಲ. ಸ್ವಪ್ನಮ್ಮ ನನ್ನ ದೂರ ಹೋಗಿ ನಿಲ್ಲು ಅಂದ್ರು. ಅಳ್ತಾ ತಮ್ಮನ ಹೆಸರು ಹೇಳಿದ್ರು ನೋಡಿ, ಒಳಗೆ ಕರ್ಕೊಂಡ್ಳು."

"ಯಾವ ಮನೆ?"

ಅವನು ತೋರಿಸಿದ. ಸಣ್ಣ ಮಾಳಿಗೆ ಮನೆ, ಕಿಟಕಿಗೆ ಗೋಣಿತಾಟು. ಜಗಲಿಯ ಮೇಲೆ ಬಿಳಿ ಸೀರೆಯ ಮುದುಕಿಯೊಬ್ಬಳು ಮೊಣಕಾಲು ತಬ್ಬಿ ಕೂತಿದ್ದಳು. ಅವಳ ಮುಖ ಸಂತೋಷದಿಂದ ಅರಳಿತ್ತು.

"ಅವರಕ್ಕ ಬಂದವ್ಳೆ ಕಣಮ್ಮ," ಎಂದಳು ಸೂರಮ್ಮ, ಕಣ್ಣೊರೆಸಿಕೊಳ್ಳುತ್ತ. "ಹೆಂಗತ್ತಳು ಅಂತೀಯ, ನೋಡಾಕಾಗಲಿಲ್ಲ. ಒಡಹುಟ್ಟಿದೋರು ಮಾತಾಡ್ಕಳ್ಳಿ ಅಂತ ನಾನೇ ಹೊರಗೆ ಬಂದೆ."

ವನಜಾಕ್ಷಿ ಮೆಟ್ಟಿಲು ಹಾರಿ ಬಾಗಿಲು ತಳ್ಳಿದಳು. ಒಳಗಿನಿಂದ ಅಗುಳಿ ಬಿದ್ದಿತ್ತು. ಮುಷ್ಟಿ ಕಟ್ಟಿ ಗುದ್ದಿದಳು.

"ಸ್ವಪ್ನಾ! ಬಾಗಿಲು ತೆಗಿ!"

ಒಳಗೆ ಮಂಚ ಕಿರ್ರೆಂದಿತು. ಏನೋ ನೆಲಕ್ಕೆ ಬಿದ್ದು ಉರುಳಿತು. ಆಮೇಲೆ, ಒಂದಿಷ್ಟೂ ಗಾಬರಿ ಇಲ್ಲದ, ಮೈಕಿನ ಮುಂದೆ ಪಳಗಿದ ಆ ಇಂಪಾದ ದನಿ ಬಾಗಿಲಾಚೆಯಿಂದ ಕೇಳಿಸಿತು.

"ಸದ್ದು ಮಾಡಬೇಡಿ ಮೇಡಂ. ತಮ್ಮ ಈಗ ಮಲಗ್ತಾ ಅದಾನೆ."